ಜಾಣ ಕಿವುಡು ಅಂದವರಿಗೆ

ನಮ್ಮನೆಯವರು ತೀರಿಕೊಳ್ಳುವ ಹಿಂದಿನ ದಿನ ಗುರುವಾರ. ಗುರುವಾರ ಮಧ್ಯಾಹ್ನ ಅವರಿಗೆ ಡ್ರಮ್ಮು ಸರಿಮಾಡುವ ಶೆಡ್ಡಿನಿಂದ ಬಿಡುವು. ಅವತ್ತು ಕಿವಿ ಮೇಡಂ ಹತ್ತಿರ ಹೋಗುವ ದಿನ.

ಬೆಳಿಗ್ಗೆ ಎದ್ದ ಕೂಡಲೇ ಅವರ ಕಿವಿಯ ಮೆಷಿನ್ನನ್ನು ಡಬ್ಬಿಯಿಂದ ತೆಗೆದೆ. ಒಣ ಬಟ್ಟೆಯಲ್ಲಿ ಒರೆಸಿ, ಸೆಲ್ಲಿನ ಪುಟ್ಟ ಬಾಗಿಲು ಮುಚ್ಚಿ, ಮುಷ್ಟಿಯಲ್ಲಿ ಹಿಡಿದೆ. ಹಾಗೆ ಹಿಡಿದರೆ ಅದು ಕುಯ್ಯೆಂದು ಕೂಗಬೇಕು. ಕೂಗಿದರೆ ಸೆಲ್ಲಿನಲ್ಲಿ ಜೀವ ಇದೆ. ಆ ಕೂಗು ಅವರಿಗೆ ಕೇಳಿಸುವುದಿಲ್ಲ. ಅಷ್ಟು ತೆಳ್ಳಗಿನ ಸದ್ದು ಅವರ ಕಿವಿಗೆ ಎಟುಕುವುದಿಲ್ಲ. ಅದಕ್ಕೇ ಆ ಕೆಲಸ ನನ್ನದು.

"ಕೂಗ್ತಾ?" ಅಂದರು, ಸೋಪಿನ ನೊರೆ ಮೆತ್ತಿದ ಮುಖ ಇತ್ತ ತಿರುಗಿಸಿ.

"ಕೂಗ್ತು."

"ಸುಳ್ಳು ಹೇಳ್ಬೇಡ. ನನಗೇನೂ ಕೇಳಿಸ್ಲಿಲ್ಲ."

ದಿನಾ ಇದೇ ಜೋಕು. ಅವತ್ತು ನಾನು ನಗಲಿಲ್ಲ. ಅದಕ್ಕೆ ನನಗೆ ಬೇಸರವೂ ಇಲ್ಲ. ಅಷ್ಟು ಸಲ ಕೇಳಿದ ಜೋಕಿಗೆ ಯಾರು ನಗುತ್ತಾರೆ?

ಕಿವಿ ಮೇಡಂ ಡಾಕ್ಟರಲ್ಲ. ಮೊದಮೊದಲು ಡಾಕ್ಟರೆಂದೇ ತಿಳಿದು, ಔಷಧಿ ಯಾಕೆ ಕೊಡುವುದಿಲ್ಲ ಎಂದು ನಾನು ಅವರ ಮೇಲೆ ರೇಗಿದ್ದೆ. ಅವರ ಕೆಲಸ ಬೇರೆ. ಸದ್ದು ಕಿವಿಯೊಳಗೆ ಹೋಗಿ ಮಿದುಳು ಮುಟ್ಟುವ ತನಕ ದಾರಿಯಲ್ಲಿ ಏನೇನಾಗುತ್ತದೆ ಎಂದು ಹುಡುಕುವುದು. ಈ ದನಿ ಮೇಲಿನದು, ಆ ದನಿ ಕೆಳಗಿನದು ಎಂದು ನಮಗೆ ಹೇಗೆ ಗೊತ್ತಾಗುತ್ತದೆ, ಕಿವಿ ಕೆಟ್ಟವರಿಗೆ ಅದು ಯಾಕೆ ಕಲಸಿಹೋಗುತ್ತದೆ, ಇದು ಅವರ ಹುಡುಕಾಟ. ಅವರ ಹತ್ತಿರ ಕೋಣೆಯೊಳಗೆ ಒಂದು ಕೋಣೆ ಇದೆ. ಫ್ರಿಜ್ಜಿಗಿರುವಂಥ ದಪ್ಪ ಬಾಗಿಲು. ಗೋಡೆ ತುಂಬ ಸ್ಪಂಜು. ಒಳಗೆ ಹೊಕ್ಕರೆ ನಮ್ಮ ಉಸಿರೇ ನಮಗೆ ದೊಡ್ಡದಾಗಿ ಕೇಳಿಸುತ್ತದೆ. ನಮ್ಮನೆಯವರು ಒಳಗೆ ಹೆಡ್‌ಫೋನು ಹಾಕಿಕೊಂಡು ಕೂರುವುದು, ನಾನು ಹೊರಗೆ ಗಾಜಿನ ಈಚೆ ಸ್ಟೂಲಿನ ಮೇಲೆ. ಎರಡು ಸದ್ದು ಬರುತ್ತವೆ. ಯಾವುದು ಮೇಲೆ ಎಂದು ಗುಂಡಿ ಒತ್ತಬೇಕು. ಮತ್ತೆ ಎರಡು. ಮತ್ತೆ ಎರಡು.

"ಮೇಲೆ, ಕೆಳಗೆ, ಮೇಲೆ, ಕೆಳಗೆ. ಲಿಫ್ಟಿನವನ ಕೆಲಸ ಕಣೇ ಇದು," ಎನ್ನುತ್ತಿದ್ದರು.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದರು. ಮೆಷಿನ್ನು ನನ್ನ ಭುಜಕ್ಕೆ ಒತ್ತಿ ಕುಯ್ಯೆನ್ನತೊಡಗಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಕೂಗಲಿ ಎಂದು ಬಿಟ್ಟೆ. ನಮ್ಮ ಸ್ಟಾಪಿನ ತನಕ ಅದು ಕೂಗಿತು, ಇವರು ಮಲಗಿದ್ದರು.

ಮರುದಿನ ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದವರು ಏಳಲಿಲ್ಲ. ಒಂದು ಶೂ ಕಟ್ಟಿ ಆಗಿತ್ತು. ಎದುರು ಮನೆಯ ನರ್ಸು ಓಡಿ ಬಂದು ಕೈ ಹಿಡಿದು ನೋಡಿದಳು, ಎದೆ ಒತ್ತಿದಳು, ಆಮೇಲೆ ನನ್ನ ಮುಖ ನೋಡಿದಳು.

ನಾನು ಎದ್ದು ಹೋಗಿ ಕಿವಿ ಮೇಡಂಗೆ ಫೋನ್ ಮಾಡಿದೆ. ಅತ್ತದ್ದು ಆಮೇಲೆ. ಗಂಡ ಸತ್ತ ಗಳಿಗೆಯಲ್ಲಿ ಫೋನು ಹಿಡಿದ ಹೆಂಗಸು ಎಂದು ಇವತ್ತಿಗೂ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ. ಯಾಕೆ ಮಾಡಿದೆ ಎಂದು ಹೇಳುತ್ತೇನೆ.

ನಮ್ಮನೆಯವರು ನೆಗ್ಗಿದ ಡ್ರಮ್ಮುಗಳನ್ನು ಸರಿಮಾಡುವವರು. ಎಣ್ಣೆ, ಬಣ್ಣ ತುಂಬಿ ಬಂದ ಕಬ್ಬಿಣದ ಡ್ರಮ್ಮುಗಳು ಖಾಲಿಯಾದ ಮೇಲೆ ಆ ಶೆಡ್ಡಿಗೆ ಬರುತ್ತವೆ. ತೊಳೆದು, ನೆಗ್ಗು ಬಡಿದು, ಬಣ್ಣ ಹೊಡೆದು ಮತ್ತೆ ಕಳಿಸುತ್ತಾರೆ. ಬಡಿಯುವುದು ಇವರ ಪಾಲು. ಬಲಗೈಯಲ್ಲಿ ಸುತ್ತಿಗೆ, ಎಡ ಭುಜ ಡ್ರಮ್ಮಿಗೆ ಒತ್ತಿಕೊಂಡು, ಎಡಗಿವಿ ಅದರ ಬಾಯಿಗೆ. ಈ ಕೆಲಸಕ್ಕೆ ಸೇರಿಸಿದ್ದು ನಮ್ಮ ಭಾವ, ಇವರ ಅಣ್ಣ. ಅವರು ಅದೇ ಶೆಡ್ಡಿನ ಮೇಸ್ತ್ರಿ. ಮೇಸ್ತ್ರಿ ಕೂರುವುದು ಗಾಜಿನ ಕೋಣೆಯಲ್ಲಿ.

ಮದುವೆಯಾದ ಹೊಸದರಲ್ಲಿ ಇವರು ಹಾಡುತ್ತಿದ್ದರು. ಚೆನ್ನಾಗಿಯೇ ಹಾಡುತ್ತಿದ್ದರು. ಸ್ನಾನಕ್ಕೆ ಹೋದರೆ ನೀರು ಆರಿದರೂ ಹಾಡು ಮುಗಿಯುತ್ತಿರಲಿಲ್ಲ. ಮಗಳು ಹುಟ್ಟಿ ಮಾತು ಕಲಿಯುವ ಹೊತ್ತಿಗೆ ಅವಳ ಮಾತು ಇವರಿಗೆ ಹತ್ತುತ್ತಿರಲಿಲ್ಲ. ಆಮೇಲೆ ಕುಕ್ಕರಿನ ಸೀಟಿ ಹೋಯಿತು. ಆಮೇಲೆ ನಾನು ಹೋದೆ. "ರೀ" ಎಂದು ಕರೆದರೆ ತಿರುಗುತ್ತಿರಲಿಲ್ಲ. ಭಾವ ಬಂದು ಬಾಗಿಲಲ್ಲಿ ನಿಂತು ತಮ್ಮ ದಪ್ಪ ಗಂಟಲಲ್ಲಿ "ಏನಯ್ಯಾ" ಅಂದರೆ ತಟ್ಟನೆ ತಿರುಗುತ್ತಿದ್ದರು.

"ನೋಡಿದ್ಯಾ?" ಅಂದರು ಭಾವ ನನಗೆ. "ನನ್ನ ಮಾತು ಕೇಳಿಸುತ್ತೆ. ನಿನ್ನ ಮಾತು ಕೇಳಿಸಲ್ಲ. ಜಾಣ ಕಿವುಡು ಇದು. ಬೇಕಾದ್ದು ಮಾತ್ರ ಒಳಗೆ ಹೋಗುತ್ತೆ."

ಆ ಮಾತು ಶೆಡ್ಡಿಗೂ ಹೋಯಿತು. ಅಲ್ಲಿ ಇವರ ಹೆಸರೇ ಜಾಣ ಕಿವುಡ ಎಂದಾಯಿತು. ಮೂಲೆಯಿಂದ ತೆಳ್ಳಗಿನ ದನಿಯಲ್ಲಿ ಬೈದು ನೋಡುವುದು, ಇವರು ತಿರುಗದಿದ್ದರೆ ನಗುವುದು. ಹಾಡು ನಿಂತಿತು. ಯಾಕೆ ನಿಂತಿತು ಎಂದರೆ ಹೇಳುತ್ತಿರಲಿಲ್ಲ. ನಾನು ಕಿರುಚಿ ಕಿರುಚಿ ಮಾತಾಡಿದೆ. ಕಿರುಚಿದಷ್ಟೂ ಅವರಿಗೆ ಕಡಿಮೆ ಕೇಳಿಸಿತು. ನಮ್ಮ ಮನೆಯಲ್ಲಿ ದಿನಾ ಜಗಳ ಎಂದು ಬೀದಿಯವರು ತಿಳಿದರು. ನಾನು ಕೂಗುತ್ತಿದ್ದದ್ದು ಉಪ್ಪು ಸಾಕಾ ಎಂದು.

ಕಿವಿ ಮೇಡಂ ಬಂದದ್ದು ಆಗ. ಸದ್ದಿನಲ್ಲಿ ಕೆಲಸ ಮಾಡಿ ಕಿವಿ ಸವೆದವರು ಬೇಕಾಗಿತ್ತು ಅವರಿಗೆ. ಓನರು ಒಳಗೆ ಬಿಡಲಿಲ್ಲ. ಶಿಫ್ಟು ಬಿಡುವ ಹೊತ್ತಿಗೆ ಮೇಡಂ ಗೇಟಿನಲ್ಲಿ ನಿಂತರು. ಉಳಿದವರೆಲ್ಲ ತಮಾಷೆ ಮಾಡಿಕೊಂಡು ಹೋದರು. ನಮ್ಮನೆಯವರೊಬ್ಬರು ನಿಂತರು. ಮನೆಗೆ ಬಂದು ನನಗೆ ಹೇಳಿದರು: "ಎಲ್ಲರೂ ಏನು ಕೇಳಿಸಲ್ಲ ಅಂತ ಕೇಳೋರೇ. ಆಯಮ್ಮ ಏನು ಕೇಳಿಸುತ್ತೆ ಅಂತ ಕೇಳಿದ್ರು."

ಮೊದಲ ದಿನವೇ ಮೇಡಂ ನನ್ನನ್ನು ಗಾಜಿನ ಈಚೆ ಕೂರಿಸಿ ಹೇಳಿದರು. "ಅಮ್ಮ, ನೀವು ಜೋರಾಗಿ ಕೂಗಿದಾಗ ನಿಮ್ಮ ದನಿ ಮೇಲಕ್ಕೆ ಹೋಗುತ್ತೆ, ತೆಳ್ಳಗಾಗುತ್ತೆ. ಅವರ ಕಿವಿಯಲ್ಲಿ ಸತ್ತಿರೋದು ಅದೇ ಜಾಗ. ಬಾಗಿಲು ಇಲ್ಲದ ಗೋಡೆ ಬಡಿದ ಹಾಗೆ. ಕೂಗಬೇಡಿ. ದನಿ ಇಳಿಸಿ, ದಪ್ಪ ಮಾಡಿ, ನಿಧಾನ ಹೇಳಿ. ನಿಮ್ಮ ಭಾವನ ಮಾತು ಕೇಳಿಸುತ್ತೆ ಅಂದ್ರಲ್ಲ, ಅದಕ್ಕೇ. ಅವರ ದನಿ ಕೆಳಗಿದೆ, ಅಷ್ಟೇ."

ಅಷ್ಟೇ! ಮನೆ ಮನೆ ನಕ್ಕ ಮಾತಿಗೆ ಕಾರಣ ಅಷ್ಟೇ.

ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ಹೊಟ್ಟೆಯಿಂದ ದನಿ ತೆಗೆದು "ರೀ" ಅಂದೆ. ಗಂಡಸು ಕೆಮ್ಮಿದ ಹಾಗೆ ಬಂತು. ಇವರು ತಟ್ಟೆಯಿಂದ ತಲೆ ಎತ್ತಿದರು. ಬಾಗಿಲ ಕಡೆ ನೋಡಿದರು.

"ಯಾರೋ ಬಂದ್ರು ನೋಡು."

"ನಾನೇ ಬಂದಿದ್ದು," ಅಂದೆ.

ಅಂದಿನಿಂದ ನನ್ನ ದನಿ ಅದೇ. ಮೊದಲು ಮನೆಯೊಳಗೆ ಮಾತ್ರ ಇತ್ತು, ಆಮೇಲೆ ಎಲ್ಲ ಕಡೆಗೂ ಅದೇ ಉಳಿಯಿತು. ನನ್ನ ವಾರಗಿತ್ತಿ, ಭಾವನ ಹೆಂಡತಿ, ಮೂಗು ಮುರಿದಳು. "ಏನೇ ಇದು, ಮೀಸೆ ಒಂದು ಬಾಕಿ."

"ಮೀಸೆ ಬಂದ್ರೂ ಬರಲಿ ಅಕ್ಕ. ಗಂಡ ತಿರುಗಿ ನೋಡ್ತಾರೆ," ಅಂದೆ.

ಹಾಡು ಯಾಕೆ ನಿಂತಿತು ಎನ್ನುವುದೂ ಆ ಸ್ಪಂಜಿನ ಕೋಣೆಯಲ್ಲೇ ಗೊತ್ತಾದದ್ದು. ಒಂದೇ ಸದ್ದನ್ನು ಮೇಡಂ ಮೊದಲು ಬಲಗಿವಿಗೆ ಬಿಟ್ಟರು, ಆಮೇಲೆ ಎಡಗಿವಿಗೆ. ಎರಡೂ ಬೇರೆ ಬೇರೆ ಅಂದರು ಇವರು. ಎಡಗಿವಿಯದು ಮೇಲೆ. ಮತ್ತೆ ಬಿಟ್ಟರೂ ಮೇಲೆ. ಕೆಟ್ಟ ಕಿವಿಗೆ ಅದೇ ಸ್ವರ ಬೇರೆ ಎತ್ತರದಲ್ಲಿ ಕೇಳಿಸುತ್ತದಂತೆ. ಬಾಯಿಂದ ಹೊರಟ ಒಂದು ಸ್ವರ ಅವರ ತಲೆಯೊಳಗೆ ಎರಡಾಗಿ ಜಗಳ ಆಡುತ್ತಿತ್ತು. ತಮ್ಮ ಗಂಟಲೇ ಕೆಟ್ಟಿತು ಎಂದು ತಿಳಿದು ಅವರು ಬಾಯಿ ಮುಚ್ಚಿದ್ದರು. ಯಾರಿಗೂ ಹೇಳಿರಲಿಲ್ಲ.

"ಹಾಗಾದ್ರೆ ನನ್ನ ಗಂಟಲು ಸರಿ ಇದೆಯಾ?" ಎಂದು ಕೇಳಿದರು.

"ಗಂಟಲು ಸರಿ ಇದೆ," ಅಂದರು ಮೇಡಂ.

ಇವರು ನನ್ನ ಕಡೆ ತಿರುಗಿದರು. "ಕೇಳಿಸ್ತಾ? ಗಂಟಲು ಸರಿ ಇದೆಯಂತೆ." ಬಸ್ ಸ್ಟಾಪಿಗೆ ನಡೆಯುತ್ತಾ ಎರಡು ಸಾಲು ಹಾಡಿದರು. ತಪ್ಪೇನೂ ಇರಲಿಲ್ಲ. ನನಗೆ ಚೆನ್ನಾಗಿ ಕೇಳಿಸಿತು.

ಇನ್ನೊಂದು ಗುರುವಾರ ಅವರ ತಲೆಯೊಳಗಿನ ಸಿಳ್ಳೆಯನ್ನು ಹಿಡಿದರು. ಕಿವಿ ಸವೆದವರಿಗೆ ಹೊರಗೆ ಇಲ್ಲದ ಸಿಳ್ಳೆ ಒಳಗೆ ಕೇಳಿಸುತ್ತಿರುತ್ತದಂತೆ. ಮೇಡಂ ಒಂದು ತಿರುಪು ತಿರುಗಿಸುತ್ತಾ ಸದ್ದು ಬಿಟ್ಟರು. ಇವರು ಮೇಲೆ ಮೇಲೆ ಎಂದು ಕೈ ಮಾಡಿದರು. ಕೊನೆಗೆ "ಇದೇ, ಇದೇ" ಅಂದರು. ಆ ಹೆಡ್‌ಫೋನನ್ನು ನಾನು ಹಾಕಿಕೊಂಡೆ. ಗಾಜಿನ ಮೇಲೆ ಮೊಳೆ ಎಳೆದ ಹಾಗೆ ಇತ್ತು. ನಾಲ್ಕು ಉಸಿರು ತಡೆಯಲಾಗಲಿಲ್ಲ, ಕಿತ್ತಿಟ್ಟೆ.

"ಇದನ್ನ ತಲೇಲಿ ಇಟ್ಕೊಂಡು ಮಲಗ್ತಿದ್ರಾ?"

"ನಿನ್ನ ಗೊರಕೆಗಿಂತ ವಾಸಿ," ಅಂದರು.

ಮಾತು ಕೊಟ್ಟದ್ದು ಅದಾಗಿ ಬಹಳ ದಿನಗಳ ಮೇಲೆ. ಮೇಡಂ ಸುತ್ತಿ ಬಳಸಿ ಕೇಳಿದರು. ಬದುಕಿರುವ ಕಿವಿಯನ್ನು ಬಿಚ್ಚಿ ನೋಡಲು ಆಗುವುದಿಲ್ಲ. ಒಳಗಿನ ಕಿವಿ ತಲೆಯ ಎಲುಬಿನಲ್ಲಿ ಹುದುಗಿದೆ. ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ಇವರಷ್ಟು ವರ್ಷ ಕೂತು ಹೇಳಿದವರು ಇನ್ನೊಬ್ಬರಿಲ್ಲ. ಸತ್ತ ಮೇಲೆ ಆ ಎಲುಬು ಸಿಕ್ಕರೆ, ಒಳಗೆ ನಿಜವಾಗಿ ಏನಾಗಿತ್ತು ಎಂದು ಇವರ ಮಾತಿನ ಪಕ್ಕದಲ್ಲಿಟ್ಟು ನೋಡಬಹುದು. ಮುಂದೆ ಬರುವ ಕಿವಿಗಳಿಗೆ ಉಪಯೋಗವಾದೀತು.

"ಈಗ್ಲೇ ಬೇಕಾ, ಸತ್ತ ಮೇಲೆ ಸಾಕಾ?" ಎಂದು ಇವರು ನಕ್ಕರು. ಆಮೇಲೆ ನಗು ನಿಲ್ಲಿಸಿ ನನಗೆ ಹೇಳಿದರು. "ಕೊಡು. ಮರೀಬೇಡ. ಬೇಕಂತ ಕಿವುಡಾಗಿದ್ದಲ್ಲ ಅಂತ ನನ್ನ ಎಲುಬು ಹೇಳ್ಲಿ. ನಾನು ಹೇಳಿದ್ರೆ ಯಾರೂ ನಂಬಲ್ಲ."

ಆಗಲಿ ಅಂದೆ. ಅದಕ್ಕೇ ಫೋನು.

ಮೇಡಂ ಫೋನಿನಲ್ಲಿ ಹೇಳಿದರು: ತಡವಾದರೆ ಒಳಗಿನದ್ದು ಕರಗಿಹೋಗುತ್ತದೆ, ಮಧ್ಯಾಹ್ನದೊಳಗೆ ಆಸ್ಪತ್ರೆಗೆ ತಂದರೆ ಸಂಜೆಗೆ ವಾಪಸು ಕಳಿಸಿಕೊಡುತ್ತೇವೆ. ವ್ಯಾನು ಬರುತ್ತದೆ.

ವ್ಯಾನಿಗಿಂತ ಮೊದಲು ಭಾವ ಬಂದರು. ತಮ್ಮನ ಕಾಲ ಹತ್ತಿರ ಕೂತು ಅತ್ತರು. ಕಟ್ಟಿದ್ದ ಶೂವನ್ನು ಅವರೇ ಬಿಚ್ಚಿದರು. ಆ ಅಳು ಸುಳ್ಳಲ್ಲ, ಅದನ್ನು ನಾನು ಹೇಳಲೇಬೇಕು. ಆಮೇಲೆ ವ್ಯಾನು ಬಂತು, ವಿಷಯ ತಿಳಿಯಿತು. ಭಾವ ಎದ್ದು ಬಾಗಿಲಿಗೆ ಅಡ್ಡ ನಿಂತರು.

"ತಲೆ ಕೆಟ್ಟಿದೆಯಾ ನಿನಗೆ? ಹೆಣದ ಕಿವಿ ಕುಯ್ಯಿಸ್ತೀಯಾ?"

"ಅವರೇ ಹೇಳಿದ್ದು ಭಾವ."

"ಅವನು ಹೇಳ್ತಾನೆ. ಕಿವಿ ಇಲ್ಲದ ಮುಖ ನೋಡಿ ಮಣ್ಣು ಮಾಡ್ಬೇಕಾ ನಾವು? ನಾಳೆ ಜನ ಏನಂತಾರೆ? ಓನರು ಏನಂತಾರೆ? ಶೆಡ್ಡಿನಲ್ಲಿ ಕಿವಿ ಹೋಯ್ತು ಅಂತ ಪೇಪರಿನಲ್ಲಿ ಹಾಕಿಸೋಕೆ ಈ ಆಟ."

ಬಂತಲ್ಲ ಒಳಗಿನದ್ದು ಹೊರಗೆ, ಅಂದುಕೊಂಡೆ.

ವಾರಗಿತ್ತಿ ನನ್ನ ತೋಳು ಹಿಡಿದಳು. "ಬೇಡ ಕಣೇ. ಮಗಳಾದ್ರೂ ಬರಲಿ."

ಮಗಳು ಬೇರೆ ಊರಿನಲ್ಲಿ ಕೆಲಸ. ಸುದ್ದಿ ತಿಳಿದು ರೈಲು ಹತ್ತಿದ್ದಳು, ಮುಟ್ಟುವುದು ಸಂಜೆಗೆ. ಎಲ್ಲರ ಎದುರಿಗೇ ಅವಳಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ವಿಷಯ ಹೇಳಿದೆ.

"ಅಮ್ಮ, ನಾನು ಬರೋವರೆಗೂ ಕಾಯೋಕಾಗಲ್ವಾ?"

"ನಾನು ಕಾಯ್ತೀನಿ. ಎಲುಬು ಕಾಯಲ್ಲ."

"ಅಪ್ಪನ ಮುಖ?"

"ಮುಖ ಹಾಗೇ ಇರುತ್ತೆ. ನಾನು ಜೊತೆಗೆ ಹೋಗ್ತಿದ್ದೀನಿ."

"ಹೋಗು ಹಾಗಾದ್ರೆ. ದೊಡ್ಡಪ್ಪಂಗೆ ಹೇಳು, ನಾನೇ ಹೇಳ್ದೆ ಅಂತ."

ದೊಡ್ಡಪ್ಪ ಕೇಳಿಸಿಕೊಂಡರು. ಆದರೂ ಬಾಗಿಲು ಬಿಡಲಿಲ್ಲ. ಕೈ ಚೌಕಟ್ಟಿನ ಮೇಲೆಯೇ ಇತ್ತು. ಬೀದಿಯವರೆಲ್ಲ ನೋಡುತ್ತಿದ್ದರು. ವ್ಯಾನಿನವರು ಗಡಿಯಾರ ನೋಡಿಕೊಂಡರು. ನಾನು ಭಾವನ ಎದುರಿಗೆ ಹೋಗಿ ನಿಂತೆ. ಮದುವೆಯಾದಾಗಿನಿಂದ ಅಷ್ಟು ಹತ್ತಿರ ನಿಂತಿರಲಿಲ್ಲ. ಕೂಗಲಿಲ್ಲ. ಅವರ ತಮ್ಮನಿಗಾಗಿ ಕಲಿತ ದನಿಯಲ್ಲೇ ಹೇಳಿದೆ.

"ಇದ್ದಷ್ಟು ದಿನ ಆ ಕಿವಿ ನಿಮಗೆ ನಗೋಕೆ ಬೇಕಾಯ್ತು. ಹೆಸರಿಟ್ಟಿದ್ದು ನೀವೇ. ಇವತ್ತು ಅದರ ಮೇಲೆ ಮಮತೆ ಬಂತಾ? ಕಿವಿ ಅವರದ್ದು, ಮಾತು ಅವರದ್ದು. ಕೈ ತೆಗೀರಿ ಭಾವ."

"ಗಂಡಸಿನ ಥರ ಮಾತಾಡ್ಬೇಡ."

"ಹೀಗೆ ಮಾತಾಡಿದ್ರೇನೇ ನಿಮ್ಮನೆ ಗಂಡಸರಿಗೆ ಕೇಳಿಸೋದು."

ಯಾರೋ ಹಿಂದೆ ಕಿಸಕ್ಕೆಂದರು. ಹೆಣದ ಮನೆಯಲ್ಲಿ ನಗು ಬಂದರೆ ತಡೆಯುವುದು ಕಷ್ಟ. ಭಾವನ ಕೈ ಇಳಿಯಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಡಂ ಕಾಯುತ್ತಿದ್ದರು. ಕಣ್ಣು ಊದಿತ್ತು. "ಮನಸ್ಸು ಬದಲಾದರೆ ಈಗಲೂ ತಪ್ಪಿಲ್ಲ ಅಮ್ಮ. ಹಾಗೇ ಕರ್ಕೊಂಡು ಹೋಗ್ಬಹುದು."

"ಬದಲಾಯಿಸೋಕೆ ಇದು ನನ್ನ ಮನಸ್ಸಲ್ಲ. ಒಳಗೆ ಕರ್ಕೊಂಡು ಹೋಗಿ," ಅಂದೆ. ಸಹಿ ಹಾಕಿದೆ. ಬೆಂಚಿನ ಮೇಲೆ ಕೂತೆ. ಅವರ ಮೆಷಿನ್ನು ನನ್ನ ಮುಷ್ಟಿಯಲ್ಲಿತ್ತು. ಕೂಗುತ್ತಿತ್ತು. ಒಬ್ಬ ವಾರ್ಡ್‌ಬಾಯ್ ಏನು ಸದ್ದು ಎಂದು ಹುಡುಕಿಕೊಂಡು ಬಂದ. ಸೆಲ್ಲಿನ ಬಾಗಿಲು ತೆರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಳು ಬಂದದ್ದು ಅಲ್ಲಿ.

ಸಂಜೆ ಮನೆಗೆ ಬಂದಾಗ ಮಗಳು ಬಂದಿದ್ದಳು. ಭಾವ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಬಟ್ಟೆ ಸರಿಸಿದೆ. ಎಡಗಡೆ ತೋರಿಸಿದೆ, ಬಲಗಡೆ ತೋರಿಸಿದೆ. ಎರಡು ಕಿವಿಯೂ ಇದ್ದಲ್ಲೇ ಇದ್ದವು. ಮಗಳು ಎಡಗಿವಿ ಮುಟ್ಟಿ ಅಪ್ಪನ ಕೆನ್ನೆಗೆ ಕೆನ್ನೆ ಇಟ್ಟಳು.

ಭಾವ ಬಗ್ಗಿ ನೋಡಿದರು. ಮತ್ತೊಮ್ಮೆ ನೋಡಿದರು. "ಏನೂ ತೆಗೆದೇ ಇಲ್ವಲ್ಲ?"

"ತೆಗೆದಿದ್ದಾರೆ. ನಿಮಗೆ ಕಾಣೋ ಜಾಗದಲ್ಲಲ್ಲ."

ಮಣ್ಣು ಮಾಡಿ ಬಂದ ಮೇಲೂ ಬಾಯಿಗಳು ಮುಚ್ಚಲಿಲ್ಲ. ಗಂಡನ ತಲೆ ಮಾರಿಕೊಂಡಳು ಎಂದು ನೀರಿನ ನಲ್ಲಿಯ ಹತ್ತಿರ ಒಬ್ಬಳು ನನಗೆ ಕೇಳಿಸುವಂತೆಯೇ ಅಂದಳು. ಅವಳಿಗೆ ಹೇಳಿದೆ: "ನಿನ್ನ ಗಂಡನದ್ದಕ್ಕೂ ಗಿರಾಕಿ ನೋಡ್ಲಾ? ಒಳಗೆ ಏನಾದ್ರೂ ಇದ್ರೆ ಹೇಳು." ಅವಳು ಬಿಂದಿಗೆ ತುಂಬುವ ಮೊದಲೇ ಎತ್ತಿಕೊಂಡು ಹೋದಳು.

ಎಲುಬು ಮೆತ್ತಗಾಗಿ, ಹಾಳೆ ಹಾಳೆಯಾಗಿ ಕೊಯ್ದು, ಬಣ್ಣ ಹಾಕಿ ನೋಡಲು ವರ್ಷದ ಮೇಲಾಯಿತು. ಮೇಡಂ ಕರೆದರು. ಗುರುವಾರವೇ ಕರೆದರು. ಸ್ಪಂಜಿನ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಇನ್ಯಾರದ್ದೋ ಕೋಟು ನೇತಾಡುತ್ತಿತ್ತು. ಮೇಡಂ ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಒಂದು ಕಣ್ಣು ಮುಚ್ಚಲು ಬರದೆ ಕೈಯಿಂದ ಮುಚ್ಚಿಕೊಂಡು ನೋಡಿದೆ. ಗುಲಾಬಿ ಬಣ್ಣ. ಬಸವನ ಹುಳುವಿನ ಚಿಪ್ಪನ್ನು ಕೊಯ್ದ ಹಾಗೆ ಸುರುಳಿ.

ಮೇಡಂ ಬಿಡಿಸಿ ಹೇಳಿದರು. ಸುರುಳಿಯ ಬಾಯಿಯಲ್ಲಿ ತೆಳ್ಳಗಿನ ದನಿಗಳ ಜಾಗ, ತುದಿಯಲ್ಲಿ ದಪ್ಪ ದನಿಗಳ ಜಾಗ. ಉದ್ದಕ್ಕೂ ಕೂದಲಿನಂಥ ಎಳೆ ಹೊತ್ತ ಜೀವಕಣಗಳು ಸಾಲಾಗಿ ನಿಂತಿರಬೇಕು. ಇವರದ್ದರಲ್ಲಿ ಬಾಯಿಯ ಕಡೆ ಸಾಲೇ ಇಲ್ಲ. ಬೋಳು. ಎಡಗಿವಿಯಲ್ಲಿ ಆ ಬೋಳು ಇನ್ನೂ ದೂರ ಹೋಗಿದೆ.

"ಸುತ್ತಿಗೆನೇ ಮಾಡಿದ್ದು ಅಂತ ಹೇಳುತ್ತಾ ಇದು?"

ಮೇಡಂ ತೂಗಿ ಹೇಳಿದರು. "ಸುತ್ತಿಗೆ ಅಂತ ಎಲುಬಿನಲ್ಲಿ ಬರೆದಿರಲ್ಲ ಅಮ್ಮ. ವಯಸ್ಸಾದರೂ ಹೀಗೆ ಸವೆಯೋದುಂಟು. ಆದರೆ ವಯಸ್ಸು ಹೆಚ್ಚುಕಡಿಮೆ ಎರಡು ಕಿವಿಗೂ ಒಂದೇ. ಅವರ ಎಡಗಿವಿ ಡ್ರಮ್ಮಿನ ಕಡೆ ಇತ್ತು. ನನಗೆ ಅನ್ನಿಸೋದನ್ನ ನಾನು ಹೇಳಬಲ್ಲೆ, ಆಣೆ ಮಾಡಲಾರೆ. ಒಂದಕ್ಕೆ ಮಾತ್ರ ಆಣೆ ಮಾಡ್ತೀನಿ. ಅವರು ಬೇಕಂತ ಮಾಡಿದ್ದಲ್ಲ. ಅವರು ಕೇಳಿಸಲ್ಲ ಅಂದ ದನಿಗಳ ಜಾಗವೆಲ್ಲ ಇಲ್ಲಿ ಬೋಳು."

ಆಮೇಲೆ ಮೇಡಂ ಗಾಜನ್ನು ಸ್ವಲ್ಪ ಸರಿಸಿದರು. "ಇದು ತುದಿ."

ಅಲ್ಲಿ ಸಾಲಿತ್ತು. ಎಲ್ಲವೂ ನಿಂತಿದ್ದವು.

"ನೀವು ದನಿ ಇಳಿಸಿ ಮಾತಾಡ್ತಿದ್ರಲ್ಲ, ಅದು ಬಂದು ಮುಟ್ಟುತ್ತಿದ್ದ ಜಾಗ ಇದು. ಕೊನೆಯವರೆಗೂ ಚೆನ್ನಾಗಿತ್ತು."

ಬಹಳ ಹೊತ್ತು ನೋಡಿದೆ.

ಅದರ ಫೋಟೋ ಕೇಳಿ ಇಸಕೊಂಡೆ. ಮನೆಗೆ ಹೋಗಲಿಲ್ಲ. ನೇರ ಶೆಡ್ಡಿನ ಗೇಟಿಗೆ ಹೋದೆ. ಶಿಫ್ಟು ಬಿಡುತ್ತಿತ್ತು. ಇವರಿಗೆ ಹೆಸರಿಟ್ಟು ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದರು. ಕೊನೆಗೆ ಭಾವ. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಫೋಟೋವನ್ನು ಕೈಯಲ್ಲಿಟ್ಟೆ.

"ಏನಿದು?"

"ನಿಮ್ಮ ತಮ್ಮನ ಕಿವಿ. ಇದು ಎಡದ್ದು. ಇಲ್ಲಿಂದ ಇಲ್ಲಿವರೆಗೆ ಬೋಳು. ನನ್ನ ದನಿ, ಮಗಳ ದನಿ, ಇವರೆಲ್ಲ ಮೂಲೆಯಲ್ಲಿ ನಿಂತು ಬೈತಿದ್ದ ದನಿ, ಎಲ್ಲ ಬೀಳ್ಬೇಕಾದ ಜಾಗ ಇದು. ಇಲ್ಲಿ ಯಾರೂ ಇಲ್ಲ. ನಿಮ್ಮ ದನಿಯ ಜಾಗ ಇಲ್ಲಿದೆ ನೋಡಿ, ತುದೀಲಿ. ಅದಕ್ಕೇ ನಿಮ್ಮದು ಕೇಳಿಸ್ತಿತ್ತು."

ಭಾವ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಸುತ್ತಲಿನವರು ಹೋಗದೆ ನಿಂತಿದ್ದರು.

"ಸರಿ. ಆಯ್ತಲ್ಲ. ಈಗೇನು?"

"ಈಗೇನಿಲ್ಲ. ಜಾಣ ಕಿವುಡು ಅನ್ನೋ ಮಾತು ಇನ್ನು ಯಾರ ಬಾಯಲ್ಲೂ ಬರಬಾರದು. ಬಂದ್ರೆ ನಾನು ಇದೇ ಗೇಟಿಗೆ ಬರ್ತೀನಿ. ದಿನಾ ಬರ್ತೀನಿ."

ಫೋಟೋ ವಾಪಸು ಕೊಡಿ ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಜೇಬಿಗಿಟ್ಟುಕೊಂಡು ನಡೆದರು. ನಾನೂ ಒತ್ತಾಯ ಮಾಡಲಿಲ್ಲ. ಮೇಡಂ ಹತ್ತಿರ ಇನ್ನೊಂದು ತೆಗೆಸಿಕೊಂಡೆ. ಆ ಮಾತು ಮತ್ತೆ ನನ್ನ ಕಿವಿಗೆ ಬಿದ್ದಿಲ್ಲ. ನನ್ನ ಕಿವಿ ಚುರುಕಾಗಿದೆ, ಬಿದ್ದಿದ್ದರೆ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಎದ್ದ ಕೂಡಲೇ ಡಬ್ಬಿ ತೆಗೆಯುತ್ತೇನೆ. ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಸೆಲ್ಲು ಮುಗಿದಿದ್ದರೆ ಹೊಸದು ಹಾಕುತ್ತೇನೆ. ವಾರಗಿತ್ತಿ ಒಮ್ಮೆ ಬಂದಿದ್ದಾಗ ನೋಡಿ ನಿಟ್ಟುಸಿರು ಬಿಟ್ಟಳು. "ಇನ್ಯಾಕೆ ಇದು? ಅದರ ಕೂಗು ಇನ್ಯಾರಿಗೆ ಕೇಳಿಸ್ಬೇಕು?"

"ಅವರಿಗೆ ಯಾವತ್ತೂ ಕೇಳಿಸ್ತಿರಲಿಲ್ಲ ಅಕ್ಕ. ಕೇಳಿಸ್ತಿದ್ದದ್ದು ನನಗೆ," ಅಂದೆ.

ಪುಟ್ಟ ಬಾಗಿಲು ಮುಚ್ಚಿ, ಮುಷ್ಟಿಯಲ್ಲಿ ಹಿಡಿಯುತ್ತೇನೆ. ಕೂಗುತ್ತದೆ. ಬಾಗಿಲು ತೆರೆದು ಡಬ್ಬಿಗೆ ಹಾಕಿ, ಕನ್ನಡಿಯ ಪಕ್ಕ ಇಟ್ಟು, ಒಲೆ ಹಚ್ಚುತ್ತೇನೆ.